ಹೆಬ್ಬೆರಳು ಕೇಳುವ ರೀಲು

ಇವರು ಆ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು ಬೆಲೆ ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಇಂಜಿನ್ ಏನಾದ್ರೂ ಇದೆಯಾ?" ಎಂದು. ಇಲ್ಲವಂತೆ. ಮುಷ್ಟಿಯಲ್ಲಿ ಹಿಡಿಸುವಷ್ಟು ಲೋಹದ ಗಡ್ಡೆ, ಪಕ್ಕಕ್ಕೊಂದು ಹಿಡಿಕೆ, ನಡುವೆ ದಾರ ಸುತ್ತಿದ ಉರುಳೆ, ಅಷ್ಟೇ. ಮೀನು ಹಿಡಿಯುವ ಕೋಲಿಗೆ ಸಿಕ್ಕಿಸುವ ರೀಲು. ನಮ್ಮ ಸಲೂನಿನ ತಿರುಗುವ ಕುರ್ಚಿಗೆ ಕೊಟ್ಟದ್ದಕ್ಕಿಂತ ಇದರ ಬೆಲೆ ಜಾಸ್ತಿ. ಕುರ್ಚಿಯಾದರೆ ಮನುಷ್ಯ ಬಂದು ಕೂರುತ್ತಾನೆ, ದುಡ್ಡು ಕೊಟ್ಟು ಏಳುತ್ತಾನೆ. ಇದರ ಮೇಲೆ ನೊಣ ಕೂತರೂ ಜಾರಿ ಬೀಳುತ್ತದೆ.

"ತಗೊಂಡಿಲ್ಲ, ನೋಡೋಕೆ ತಂದಿದ್ದೀನಿ," ಎಂದರು ಇವರು. "ಭಾನುವಾರದವರೆಗೂ ಟೈಮ್ ಕೊಟ್ಟಿದ್ದಾನೆ ಗಾಳಪ್ಪ. ನೀರು ತಾಗಿಸಬಾರದು, ಗೀರು ಬೀಳಬಾರದು. ಬೇಡ ಅನ್ಸಿದ್ರೆ ಹಾಗೇ ವಾಪಸ್."

ಗಾಳಪ್ಪ ಎಂದರೆ ಸೇತುವೆಯ ಹತ್ತಿರ ಗಾಳ, ದಾರ, ಕೋಲು ಮಾರುವ ಇವರ ಗೆಳೆಯ. ಮನೆಯವರು ಇಟ್ಟ ಹೆಸರು ಬೇರೆ ಇದೆ, ಅವನ ಹೆಂಡತಿಗೂ ಅದು ಮರೆತುಹೋಗಿದೆ.

"ಬೇಡ," ಎಂದೆ ನಾನು.

"ಇನ್ನೂ ಪೆಟ್ಟಿಗೇನೇ ತೆಗೆದಿಲ್ಲ."

"ತೆಗೆಯೋ ಅಗತ್ಯ ಇಲ್ಲ."

ನಾನು ಇರುವುದೇ ಹೀಗೆ. ಲಾಂಡ್ರಿಯ ಕೌಂಟರಿನಲ್ಲಿ ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಜನ ಚೀಲ ತೆರೆದು ಅಂಗಿ, ಕೋಟು, ಪರದೆಗಳನ್ನು ನನ್ನ ಮುಂದೆ ಹರಡಿ, "ಈ ಕಲೆ ಹೋಗುತ್ತಾ?" ಎಂದು ಕೇಳುತ್ತಾರೆ. ನಾನು ಒಂದು ಸಲ ನೋಡಿ ಹೋಗುತ್ತೆ ಎನ್ನುತ್ತೇನೆ, ಇಲ್ಲವೇ ಹೋಗಲ್ಲ ಎನ್ನುತ್ತೇನೆ. ನಡುವೆ ಮೂರನೆಯ ಉತ್ತರ ಇಟ್ಟುಕೊಂಡರೆ ಸಾಲು ಬೀದಿಗೆ ಮುಟ್ಟುತ್ತದೆ. ಆ ಚಾಳಿ ಮನೆಗೂ ಬಂದಿದೆ ಎಂದು ಇವರು ದೂರುತ್ತಾರೆ. ಬಂದರೆ ಬರಲಿ. ಮನೆಯಲ್ಲಿ ಒಬ್ಬರಿಗಾದರೂ ಬೇಗ ತೀರ್ಮಾನ ಮಾಡಲು ಗೊತ್ತಿರಬೇಕು.

ಆದರೆ ಬೇಡ ಎಂದು ಹೇಳಿ ಎದ್ದವಳಿಗೆ ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಪಾತ್ರೆ ತೊಳೆದದ್ದನ್ನೇ ಮತ್ತೆ ತೊಳೆದೆ. ಯಾಕೆಂದರೆ ಇವರು ಏನನ್ನಾದರೂ ಬೇಕು ಎಂದು ಬಾಯಿಬಿಟ್ಟು ತಿಂಗಳುಗಳೇ ಆಗಿದ್ದವು.

ಸಲೂನಿನ ದೊಡ್ಡ ಕನ್ನಡಿಯನ್ನು ಗೋಡೆಯಿಂದ ಇಳಿಸುವಾಗ ಅದು ಜಾರಿತ್ತು. ಬಿದ್ದರೆ ಬೀಳಲಿ ಎಂದು ಹಿಂದೆ ಸರಿಯಬೇಕಾದವರು ಕೈ ಒಡ್ಡಿ ಹಿಡಿಯಲು ಹೋದರು. ಬಲಗೈ ಹೆಬ್ಬೆರಳ ಬುಡ ಕೊಯ್ದುಹೋಯಿತು. ಡಾಕ್ಟರು ತುಂಡಾದ ನರ ಜೋಡಿಸಿ ಹೊಲಿದರು. ಗಾಯ ಮಾಗಿತು. ಬೆರಳು ಮಡಚುತ್ತದೆ, ಚಾಚುತ್ತದೆ, ನೋಡಿದರೆ ಏನೂ ಆಗಿಲ್ಲ. ಆದರೆ ಮುಟ್ಟಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಕತ್ತರಿಯ ಬಳೆಯೊಳಗೆ ಅದು ಇದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಯೇ ತಿಳಿದುಕೊಳ್ಳಬೇಕು.

ಆದರೂ ಇವರು ಸಲೂನು ತೆರೆದರು. ಮೊದಲು ಬಂದವರು ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು. ಮೇಷ್ಟ್ರ ಕಿವಿಯ ತುದಿ ಕತ್ತರಿಗೆ ಸಿಕ್ಕಿತು. ಅಂಥ ದೊಡ್ಡ ಗಾಯವೇನಲ್ಲ, ಮೇಷ್ಟ್ರೇ ನಕ್ಕು, "ಎಷ್ಟು ಮಕ್ಕಳ ಕಿವಿ ಹಿಂಡಿದ್ದೀನಿ, ಲೆಕ್ಕ ಚುಕ್ತಾ ಆಯ್ತು ಬಿಡಪ್ಪಾ," ಎಂದರಂತೆ. ಇವರು ನಗಲಿಲ್ಲ. ಕತ್ತರಿ ಒರೆಸಿಟ್ಟು, ಷಟರ್ ಎಳೆದು ಮನೆಗೆ ಬಂದರು. ಅವತ್ತಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಯಿಂದ ಕೋಣೆಗೆ ಓಡಾಡುವುದೇ ಇವರ ಕೆಲಸವಾಯಿತು. ನೋಡಿ ನೋಡಿ ನನಗೂ ಅದೇ ಅಂಟಿತು.

"ಬರಬಹುದು, ಬರದೆಯೂ ಇರಬಹುದು, ಕಾಯಬೇಕು," ಎಂದಿದ್ದರು ಡಾಕ್ಟರು, ಬೆರಳಿನ ಸ್ಪರ್ಶದ ಬಗ್ಗೆ. ನನ್ನ ಕೌಂಟರಿನಲ್ಲಿ ಇಂಥ ಉತ್ತರ ಕೊಟ್ಟರೆ ಜನ ಬಟ್ಟೆಯನ್ನು ಮುಖಕ್ಕೆ ಎಸೆಯುತ್ತಾರೆ. ಆಗಾಗ ಸೂಜಿಯಿಂದ ಚುಚ್ಚಿ ನೋಡಿ ಎಂದೂ ಹೇಳಿದ್ದರು. ಒಂದು ಸಲ ಚುಚ್ಚಿದೆ. ಸಣ್ಣದೊಂದು ರಕ್ತದ ಹನಿ ಎದ್ದಿತು. ಇವರು ಕಿಟಕಿಯ ಆಚೆ ನೋಡುತ್ತ, "ಚುಚ್ಚು, ಚುಚ್ಚು, ಯಾಕೆ ಇನ್ನೂ ಚುಚ್ಚಿಲ್ಲ?" ಎಂದರು. ಮತ್ತೆ ಸೂಜಿ ಹಿಡಿಯಲು ನನ್ನಿಂದಾಗಲಿಲ್ಲ. ಆಮೇಲೆಲ್ಲ ಹತ್ತಿಯೇ ಗತಿ. ಇವರು ಕಣ್ಣು ಮುಚ್ಚಿ ಕೂರುವುದು, ನಾನು ಹತ್ತಿಯನ್ನು ಹೆಬ್ಬೆರಳ ಮೇಲೆ ಎಳೆಯುವುದು. ನಾನು ಮುಟ್ಟಿದಾಗ ಸುಮ್ಮನಿರುತ್ತಿದ್ದರು. ಮುಟ್ಟದೆ ಇದ್ದಾಗ, "ಈಗ?" ಎನ್ನುತ್ತಿದ್ದರು, ಆಸೆಯಿಂದ. ನಾನು ಎದ್ದು ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದೆ.

ಇಂಥ ಹೊತ್ತಿನಲ್ಲಿ ರೀಲು ಬಂತು. ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತ, ಸ್ವಲ್ಪ ತಗ್ಗಿದ ದನಿಯಲ್ಲಿ, "ಅಷ್ಟು ದುಡ್ಡು ಯಾಕೆ? ಗಾಳಪ್ಪನ ಹತ್ರ ಇದರ ಕಾಲು ಭಾಗಕ್ಕೆ ಬೇರೆ ರೀಲು ಇಲ್ವಾ?" ಎಂದು ಕೇಳಿದೆ.

"ಇದೆ. ದಾರ ಸಿಕ್ಕಾಗಲ್ಲ, ಏನೂ ತೊಂದರೆ ಇಲ್ಲ, ಚಿಕ್ಕ ಮಕ್ಕಳೂ ಎಸೀತಾರೆ. ಅದನ್ನೇ ತಗೋ ಅಂತ ಅವನೂ ಬಡ್ಕೊಂಡ."

"ಮತ್ತೆ?"

"ಅದಕ್ಕೆ ಹೆಬ್ಬೆರಳು ಬೇಡ."

ಇವರು ರೀಲನ್ನು ಮೇಜಿನ ಮೇಲೆ ತಿರುಗಿಸಿಟ್ಟು ತೋರಿಸಿದರು. ಕೋಲು ಬೀಸಿದಾಗ ದಾರದ ತುದಿಯ ಗುಂಡು ಮುಂದಕ್ಕೆ ಹಾರುತ್ತದೆ, ಅದರ ಜೊತೆಗೆ ಉರುಳೆಯೇ ಗಿರ್ರನೆ ತಿರುಗಿ ದಾರ ಬಿಡುತ್ತದೆ. ಗುಂಡು ಗಾಳಿಯಲ್ಲಿ ನಿಧಾನವಾದರೂ ಉರುಳೆಗೆ ಅದು ಗೊತ್ತಿಲ್ಲ, ಅದು ತಿರುಗುತ್ತಲೇ ಇರುತ್ತದೆ. ಆಗ ದಾರ ಉರುಳೆಯ ಮೇಲೇ ಉಕ್ಕಿ ಗೂಡು ಕಟ್ಟುತ್ತದೆ. ಹಾಗಾಗದಂತೆ ಎಸೆಯುವವನು ಹೆಬ್ಬೆರಳನ್ನು ಉರುಳೆಯ ಮೇಲೆ ಇಟ್ಟೂ ಇಡದ ಹಾಗೆ ಸವರುತ್ತಿರಬೇಕು. ಒತ್ತಿದರೆ ಗುಂಡು ಕಾಲಬುಡದಲ್ಲೇ ಬೀಳುತ್ತದೆ, ಬಿಟ್ಟರೆ ಗೂಡು.

"ಇದನ್ನ ಹಿಡಿದ ಬೆರಳು ಕತ್ತರಿಯನ್ನೂ ಹಿಡಿಯುತ್ತೆ," ಎಂದರು ಇವರು. "ಹಿಡೀಲಿಲ್ಲ ಅಂದ್ರೆ ಭಾನುವಾರ ಸಲೂನಿನ ಬೀಗದಕೈ ಕೆಂಜುಟ್ಟಿಗೆ ಕೊಟ್ಟುಬಿಡ್ತೀನಿ."

ಕೆಂಜುಟ್ಟು ಎಂದರೆ ಹಿಂದಿನ ಬೀದಿಯ ಕ್ಷೌರದವನು. ತಲೆಯ ಮುಂದಿನ ಕೂದಲಿಗೆ ಕೆಂಪು ಬಣ್ಣ ಹಾಕಿಕೊಂಡು ತನ್ನ ಅಂಗಡಿಗೆ ತಾನೇ ಜಾಹೀರಾತು. ನಮ್ಮ ಸಲೂನನ್ನು ತನಗೆ ಬಿಟ್ಟುಕೊಡಿ ಎಂದು ಅವನು ಕೈತೊಳೆದುಕೊಂಡು ಬೆನ್ನುಬಿದ್ದಿದ್ದ. ಒಳ್ಳೆಯ ಮನುಷ್ಯನೇ, ಅದೇ ಕಷ್ಟ. ಬೈಯಲು ಕಾರಣ ಸಿಗುತ್ತಿರಲಿಲ್ಲ.

ಈಗ ನನಗೆ ಆ ರೀಲು ಬೇಕೋ ಬೇಡವೋ ಎಂದು ನನಗೇ ತಿಳಿಯದಾಯಿತು. ಲಾಂಡ್ರಿಗೆ ಹೊರಡುವ ಮುಂಚೆ ಅದನ್ನು ಕೈಗೆ ತೆಗೆದುಕೊಂಡು, ಕಲೆ ಹುಡುಕುವ ಹಾಗೆ ಬೆಳಕಿಗೆ ಹಿಡಿದು ನೋಡಿದೆ. ಒಂದು ಕಡೆಯಾದರೂ ಸಂದು ಬಿಟ್ಟಿದ್ದರೆ, ಹಿಡಿಕೆ ಒಂದಿಷ್ಟು ಅಲುಗಿದ್ದರೆ ಜಗಳಕ್ಕೆ ಅನುಕೂಲವಾಗುತ್ತಿತ್ತು. ಎಲ್ಲಿಯೂ ಇಲ್ಲ. ಉರುಳೆಯನ್ನು ಬೆರಳಿಂದ ತಳ್ಳಿದರೆ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಸದ್ದೇ ಇಲ್ಲ. ನಮ್ಮ ಮನೆಯ ಫ್ಯಾನು ಅಷ್ಟು ಮರ್ಯಾದೆಯಿಂದ ಒಂದು ದಿನವೂ ತಿರುಗಿಲ್ಲ.

ನೀರು ತಾಗಿಸುವ ಹಾಗಿಲ್ಲವಾದ್ದರಿಂದ ಪರೀಕ್ಷೆ ನಡೆದದ್ದು ನಮ್ಮ ಮನೆಯ ತಾರಸಿಯ ಮೇಲೆ. ಗಾಳದ ಬದಲು ರಬ್ಬರ್ ಗುಂಡು. ತಾರಸಿಯ ಆ ತುದಿಯಲ್ಲಿ ಬಟ್ಟೆ ನೆನೆಸುವ ಕೆಂಪು ಟಬ್ಬು, ಈ ತುದಿಯಲ್ಲಿ ತಮ್ಮ ಹಳೆಯ ಕೋಲಿಗೆ ರೀಲು ಸಿಕ್ಕಿಸಿ ಹಿಡಿದ ಇವರು. ಗುಂಡು ಟಬ್ಬಿಗೆ ಬೀಳಬೇಕು. ಎದುರು ಮನೆಯ ಮಹಡಿಯಿಂದ ಯಾರೋ, "ಏನು ಸಿಕ್ತು ಸಾರ್, ಲುಂಗಿನಾ ಬನಿಯನ್ನಾ?" ಎಂದು ಕೂಗಿದರು. ಇವರು ತಲೆ ಎತ್ತಲಿಲ್ಲ.

ಮೊದಲು ಹಿಡಿಕೆಯ ಬುಡದಲ್ಲಿದ್ದ ಒಂದು ಗುಂಡನೆಯ ತಿರುಪನ್ನು ಹಿಂದೆ ಮುಂದೆ ತಿರುಗಿಸಿ, ಗುಂಡನ್ನು ಮೆಲ್ಲನೆ ನೆಲಕ್ಕೆ ಇಳಿಬಿಟ್ಟರು. "ಇದು ಬಿಗಿಯಾದ್ರೆ ಉರುಳೆ ನಿಧಾನ, ಸಡಿಲ ಆದ್ರೆ ಬಿರುಸು. ಗುಂಡಿನ ತೂಕಕ್ಕೆ ಒಂದ್ಸಲ ಸರಿಮಾಡಿದ್ರೆ ಮುಗೀತು. ಗುಂಡು ಬದಲಾಯಿಸೋ ತನಕ ಮತ್ತೆ ಮುಟ್ಟಬಾರದು," ಎಂದರು. ಕ್ಷೌರದ ಮಷೀನನ್ನೂ ಇವರು ಹಾಗೆಯೇ, ಒಂದು ಸಲ ಸರಿಮಾಡಿಟ್ಟರೆ ಮತ್ತೆ ಅದರ ಕಡೆ ನೋಡುವವರಲ್ಲ.

ಆ ಮೊದಲ ದಿನ ಹೆದರಿ ಹೆದರಿ, ಹೆಬ್ಬೆರಳನ್ನು ಉರುಳೆಗೆ ತಾಗಿಸದೆಯೇ ಮೆಲ್ಲಗೆ ಎಸೆದರು. ಗುಂಡು ಟಬ್ಬಿನ ಪಕ್ಕಕ್ಕೇ ಹೋಗಿ ಬಿತ್ತು. ದಾರ ಸ್ವಲ್ಪ ಗೂಡು ಕಟ್ಟಿತು. ಇವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಿಡಿಸುತ್ತ, "ಮಾಲು ಅಂದ್ರೆ ಮಾಲು ಕಣೇ," ಎಂದು ನಕ್ಕರು. ಆ ನಗು ಕಂಡು ನಾನು ಮನಸ್ಸಿನಲ್ಲೇ ಸೋತೆ. ಹಾಳಾಗಿ ಹೋಗಲಿ, ಇರಲಿ ಎಂದುಕೊಂಡೆ.

ಎರಡನೆಯ ದಿನ ಗುಂಡು ತಾರಸಿಯ ಅರ್ಧಕ್ಕೂ ಹೋಗಲಿಲ್ಲ. ಅದರ ಮಾರನೆಯ ದಿನ ಇನ್ನೂ ಹತ್ತಿರ. ದಾರ ಗೂಡು ಕಟ್ಟುತ್ತಿರಲಿಲ್ಲ, ನಿಜ. ಆದರೆ ಕೋಲು ಎಷ್ಟು ಬೀಸಿದರೂ ಗುಂಡು ಟಪ್ಪೆಂದು ಎದುರಿಗೇ ಬೀಳುತ್ತಿತ್ತು. ಇವರು ಎಸೆಯುವುದು, ಸುತ್ತುವುದು, ಎಸೆಯುವುದು. ನಾನು ಒಣಗಿದ ಬಟ್ಟೆಯನ್ನು ತೆಗೆದು, ಮತ್ತೆ ಅದೇ ತಂತಿಗೆ ಹಾಕಿ, ಮತ್ತೆ ತೆಗೆಯುತ್ತ ಅಲ್ಲೇ ಸುಳಿದಾಡುತ್ತಿದ್ದೆ.

"ಹಿಡಿಕೆ ಸ್ವಲ್ಪ ಬಿಗಿ ಅನ್ಸುತ್ತೆ," ಎಂದರು ಒಮ್ಮೆ. ತಾವೇ ಉತ್ತರ ಕೊಟ್ಟುಕೊಂಡರು: "ಹೊಸದಲ್ವಾ, ಇರುತ್ತೆ."

ಅಂದು ಊಟದ ಹೊತ್ತಿಗೆ ಉಪ್ಪಿನಕಾಯಿಯ ಜಾಡಿಯ ಮುಚ್ಚಳ ತೆರೆಯಲು ಇವರಿಂದ ಆಗಲಿಲ್ಲ. ಬೆರಳು ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ಗೊತ್ತಾದರೆ ತಾನೆ ತಿರುಗಿಸುವುದು? ಜಾಡಿಯನ್ನು ನನ್ನ ಕಡೆ ತಳ್ಳಿದರು. ನಾನು ತೆರೆಯಲು ಹೋದೆ, ನನಗೂ ಬರಲಿಲ್ಲ. ಅದು ಇವರ ಬೆರಳಿನ ತಪ್ಪಲ್ಲ, ನಮ್ಮ ಅತ್ತೆಯ ಕೈಚಳಕ. ಅತ್ತೆಗೆ ತೆರೆದದ್ದು ಯಾವುದನ್ನು ಕಂಡರೂ ಆಗುವುದಿಲ್ಲ. ನಲ್ಲಿಯನ್ನು ಅವರು ಮುಚ್ಚಿದರೆ ತೆರೆಯಲು ಇಬ್ಬರು ಬೇಕು, ಅದರೊಳಗಿನ ವಾಷರ್ ಆಗಾಗ ಬಲಿಯಾಗುತ್ತಿರುತ್ತದೆ. ಗ್ಯಾಸಿನ ಗುಂಡಿ, ಎಣ್ಣೆ ಡಬ್ಬಿ, ನನ್ನ ಮುಖದ ಕ್ರೀಮು, ಎಲ್ಲವೂ ಅವರ ಕೈಯಲ್ಲಿ ಬಿಗಿ. ಹಿಂದೆಂದೋ ಬಾಡಿಗೆ ಮನೆಯಲ್ಲಿ ಗ್ಯಾಸ್ ಸೋರಿ, ಮಗುವಾಗಿದ್ದ ಇವರನ್ನು ಎತ್ತಿಕೊಂಡು ಬೀದಿಗೆ ಓಡಿದ್ದರಂತೆ. ಅಂದಿನಿಂದ ಹೀಗೆ. ಆ ಕತೆ ಗೊತ್ತಿರುವುದರಿಂದ ನಾನು ತುಟಿ ಪಿಟಕ್ಕೆನ್ನದೆ ಜಾಡಿಯನ್ನು ಬಿಸಿನೀರಿನಲ್ಲಿಟ್ಟು ತೆರೆಯುತ್ತೇನೆ. ಅಂದು ಇವರು ಉಪ್ಪಿನಕಾಯಿ ಬೇಡವೆಂದು ಎದ್ದುಹೋದರು. ಅತ್ತೆ ಮಗನ ತಟ್ಟೆಯನ್ನೇ ನೋಡುತ್ತ ಕೂತರು.

ಶುಕ್ರವಾರ ಇವರು ತಾರಸಿಯಿಂದ ಇಳಿದು ಬಂದು ಕೋಲನ್ನು ಮೂಲೆಗೆ ಒರಗಿಸಿ, ತೀರ್ಪು ಕೊಟ್ಟರು.

"ಗೊತ್ತಾಯ್ತು ಬಿಡು. ಮೊದಲ ದಿನ ಹೆದರಿ ಬೆರಳನ್ನ ದೂರ ಇಟ್ಕೊಂಡಿದ್ದೆ, ಗುಂಡು ಹೋಯ್ತು. ಈಗ ಬೆರಳು ಇಡ್ತಿದ್ದೀನಿ. ಸವರ್ತಾ ಇದ್ದೀನಿ ಅಂದ್ಕೋತೀನಿ, ಅದು ಒತ್ತುತಾ ಇದೆ. ನನಗೇ ಗೊತ್ತಾಗದ ಹಾಗೆ ಒತ್ತುತಾ ಇದೆ."

"ನೀವು ಹೇಗೆ ಹೇಳ್ತೀರಿ?"

"ಮತ್ತೆ ಇನ್ನೇನು? ರೀಲಿನಲ್ಲಿ ತಪ್ಪಿಲ್ಲ. ಕೊಡೋ ದುಡ್ಡಿಗೆ ಮೋಸ ಇಲ್ಲದ ಮಾಲು. ನನ್ನ ಬೆರಳೇ ಅದಕ್ಕೆ ಲಾಯಕ್ಕಿಲ್ಲ."

ಅದುವರೆಗೆ ಆ ರೀಲಿಗೆ ಹಿಡಿಶಾಪ ಹಾಕುತ್ತಿದ್ದವಳು ನಾನು. ಈಗ ನನಗೆ ಇದ್ದದ್ದು ಒಂದೇ ಆಸೆ: ಅದು ಕೆಟ್ಟ ಮಾಲಾಗಿರಬೇಕು. ಬೆಲೆ ಮಾತ್ರ ದೊಡ್ಡದು, ಒಳಗೆ ಬರೀ ತಗಡು ಎಂದು ಯಾರಾದರೂ ಹೇಳಬೇಕು. ಶನಿವಾರ ಲಾಂಡ್ರಿಯಿಂದ ಅರ್ಧ ಗಂಟೆ ತಪ್ಪಿಸಿಕೊಂಡು ಸೇತುವೆಯ ಹತ್ತಿರ ಓಡಿದೆ. ಗಾಳಪ್ಪ ಗಿರಾಕಿಯೊಬ್ಬನಿಗೆ ದಾರ ಅಳೆಯುತ್ತಿದ್ದ. ಅದು ಮುಗಿಯುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ.

"ಎಂಥಾ ರೀಲು ಕೊಟ್ಟಿದ್ದೀರಿ ನಮ್ಮನೆಯವರಿಗೆ? ಗುಂಡು ಮುಂದಕ್ಕೇ ಹೋಗಲ್ಲ!"

"ಅಕ್ಕಾ, ನನ್ನ ಅಂಗಡಿಯಲ್ಲಿ ಅದಕ್ಕಿಂತ ಒಳ್ಳೇದು ಇಲ್ಲ," ಎಂದ ಅವನು, ದಾರದಿಂದ ಕಣ್ಣು ತೆಗೆಯದೆ. "ಹೋಗ್ತಿಲ್ಲ ಅಂದ್ರೆ ತಿರುಪು ಬಿಗಿಯಾಗಿರಬೇಕು."

"ಮೊದಲ ದಿನವೇ ಸರಿಮಾಡಿದ್ದಾರೆ. ನನ್ನ ಕಣ್ಣೆದುರಿಗೇ."

ಆಗ ಅವನು ತಲೆ ಎತ್ತಿದ. ಗಾಳಪ್ಪನ ಮುಖದಲ್ಲಿ ಕನಿಕರ ಕಂಡದ್ದು ಅದೇ ಮೊದಲು, ನನಗೆ ಅದು ಸಹಿಸಲಾಗಲಿಲ್ಲ.

"ಹಾಗಾದ್ರೆ ಬೆರಳೇ ಅಕ್ಕಾ. ಅವನಿಗೆ ಒತ್ತಾಯ ಮಾಡ್ಬೇಡಿ. ರೀಲು ನಾಳೆ ಕಳಿಸಿಕೊಡಿ, ನಾನೇನೂ ಅಂದ್ಕೊಳ್ಳಲ್ಲ."

ಸೇತುವೆಯಿಂದ ಲಾಂಡ್ರಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಆ ಮಧ್ಯಾಹ್ನ ಒಬ್ಬಾಕೆ ಶಾಯಿ ಬಿದ್ದ ಬಿಳಿ ಅಂಗಿ ತಂದು, ಹೋಗುತ್ತಾ ಎಂದು ಕೇಳಿದಳು. ನನ್ನ ಬಾಯಿಂದ ಬಂದದ್ದು, "ಹೋಗಬಹುದು, ಹೋಗದೆಯೂ ಇರಬಹುದು." ಆಕೆ ನನ್ನನ್ನೇ ನೋಡಿದಳು. ಅಂಗಿಯನ್ನು ಮಡಿಸಿ ವಾಪಸ್ ತೆಗೆದುಕೊಂಡು ಹೋದಳು.

ಭಾನುವಾರ ಬೆಳಿಗ್ಗೆ ಇವರು ಗಡ್ಡ ಕೂಡ ಮಾಡಿಕೊಳ್ಳದೆ ಸಲೂನಿಗೆ ಹೊರಟರು. ಕೆಂಜುಟ್ಟು ಬರುತ್ತಾನೆ, ಬೀಗದಕೈ ಕೊಟ್ಟು ಬಂದುಬಿಡುತ್ತೇನೆ ಎಂದರು. ಬಾಗಿಲ ಬಳಿ ನಿಂತು, "ರೀಲು ಪೆಟ್ಟಿಗೆಗೆ ಹಾಕಿಡು, ಬರ್ತಾ ಗಾಳಪ್ಪನಿಗೆ ಕೊಡ್ತೀನಿ," ಎಂದೂ ಹೇಳಿದರು. ಹದಿನೈದು ವರ್ಷದ ಅಂಗಡಿ. ಹೊಸ ಪೊರಕೆ ತರುತ್ತೇನೆ ಎಂಬಂಥ ದನಿ.

ನಾನು ಅಡುಗೆಮನೆಗೆ ಹೋದೆ, ಅಲ್ಲಿಂದ ಕೋಣೆಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ. ಪೆಟ್ಟಿಗೆ ಕೈಯಲ್ಲೇ ಇತ್ತು. ಕೊನೆಗೆ ಮೂಲೆಯಲ್ಲಿ ಒರಗಿಸಿದ್ದ ಕೋಲಿನ ಬಳಿ ಬಂದರೆ, ಅಲ್ಲಿ ಅತ್ತೆ ನಿಂತಿದ್ದರು. ದಿನವೂ ಬೆಳಿಗ್ಗೆ ಮನೆಯ ಸಾಮಾನುಗಳ ಧೂಳು ಹೊಡೆಯುವುದು ಅವರ ಕೆಲಸ. ಟಿವಿ ಒರೆಸಿದರು, ಗಡಿಯಾರ ಒರೆಸಿದರು, ಕೋಲಿನ ಮೇಲೆ ಕೂತಿದ್ದ ರೀಲನ್ನೂ ಒರೆಸಿದರು. ಒರೆಸಿ, ಹಿಡಿಕೆಯ ಬುಡದ ಆ ಗುಂಡನೆಯ ತಿರುಪನ್ನು ಬೆರಳುಗಳಲ್ಲಿ ಹಿಡಿದು, ಹಲ್ಲು ಕಚ್ಚಿ, ಒಂದು ಸಲ ಗಟ್ಟಿಯಾಗಿ ತಿರುಗಿಸಿದರು. ಆಮೇಲೆ ಬಟ್ಟೆ ಕೊಡವಿಕೊಂಡು ಮುಂದಿನ ಕಪಾಟಿಗೆ ನಡೆದರು.

ನಾನು ಹೋಗಿ ಕಪಾಟಿಗೆ ಅಡ್ಡ ನಿಂತೆ.

"ಅತ್ತೇ, ಈಗ ಏನು ಮಾಡಿದ್ರಿ?"

"ಏನು?"

"ಅದನ್ನ ಯಾಕೆ ತಿರುಗಿಸಿದ್ರಿ?"

"ಮುಚ್ಚಿದೆ," ಎಂದರು ಅತ್ತೆ, ನಾನೇ ಹುಚ್ಚಿ ಎಂಬಂತೆ. "ಅವನು ಯಾವತ್ತು ತಾನೇ ಒಂದು ವಸ್ತುನ ಸರಿಯಾಗಿ ಮುಚ್ಚಿದ್ದಾನೆ? ತೆಗೆದದ್ದು ತೆಗೆದ ಹಾಗೇ ಬಿಟ್ಟು ಬರ್ತಾನೆ."

"ದಿನಾ ಮುಚ್ತೀರಾ?"

"ದಿನಾ ಧೂಳು ಬರಲ್ವಾ?"

ನಾನು ಪೆಟ್ಟಿಗೆಯನ್ನು ಅಲ್ಲೇ ಎಸೆದೆ. ಕೋಲನ್ನು ರೀಲಿನ ಸಮೇತ ಕಿತ್ತುಕೊಂಡು ಹೊರಗೆ ಓಡಿದೆ. ಚಪ್ಪಲಿ ಒಂದು ನನ್ನದು, ಇನ್ನೊಂದು ಅತ್ತೆಯದು. ಮೆಟ್ಟಿಲಿನ ತಿರುವಿನಲ್ಲಿ ಕೋಲು ಗೋಡೆಗೆ ಸಿಕ್ಕಿತು, ಬೀದಿಯಲ್ಲಿ ಅದರ ತುದಿ ದರ್ಜಿಯ ಬೋರ್ಡಿಗೆ ಸಿಕ್ಕಿತು. ದರ್ಜಿ ಒಳಗಿನಿಂದ ಏನೋ ಕೂಗಿದ. ಬೀಗದಕೈ ಕೈ ಬದಲಾಯಿಸುವ ಮುಂಚೆ ತಲುಪಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಒಮ್ಮೆ ಕೊಟ್ಟ ಮಾತನ್ನು ಇವರು ಪ್ರಾಣ ಹೋದರೂ ಹಿಂದಕ್ಕೆ ತೆಗೆದುಕೊಳ್ಳುವವರಲ್ಲ.

ಸಲೂನಿನ ಷಟರ್ ಅರ್ಧ ಎತ್ತಿತ್ತು. ನಾನು ಬಗ್ಗಿ ಒಳಗೆ ನುಗ್ಗಿದೆ. ಕನ್ನಡಿ ಇದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಕೆಂಜುಟ್ಟು ಆ ಗೋಡೆಗೆ ಟೇಪು ಹಿಡಿದು ಹೊಸ ಕನ್ನಡಿಗೆ ಅಳತೆ ತೆಗೆಯುತ್ತಿದ್ದ. ಇವರು ಕುರ್ಚಿಯ ಹಿಂದೆ, ದಿನವೂ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಬೀಗದಕೈ ಕೌಂಟರಿನ ಮೇಲೆ, ಇಬ್ಬರ ನಡುವೆ.

"ಅತ್ತೆ ಮುಚ್ಚಿದ್ದಾರೆ!" ಎಂದು ಕಿರುಚಿದೆ.

ಇಬ್ಬರೂ ಬೆಚ್ಚಿ ನನ್ನ ಕಡೆ ನೋಡಿದರು. ಕೆಂಜುಟ್ಟು, "ಯಾರು ಕಣ್ಣು ಮುಚ್ಚಿದ್ದು ಅಕ್ಕಾ?" ಎಂದು ಟೇಪು ಕೆಳಗೆ ಹಾಕಿದ.

"ಕಣ್ಣಲ್ಲ ಮಾರಾಯಾ, ತಿರುಪು! ದಿನಾ ಧೂಳು ಹೊಡೆದು ಈ ತಿರುಪನ್ನ ಬಿಗಿ ಮಾಡಿ ಇಡ್ತಿದ್ದಾರೆ, ನಲ್ಲಿ ಮುಚ್ಚಿದ ಹಾಗೆ! ನಿಮ್ಮ ಬೆರಳು ಒತ್ತಿಲ್ಲ ರೀ. ಒತ್ತಿದ್ದು ನಿಮ್ಮಮ್ಮ!"

ಇವರು ನನ್ನ ಕೈಯಿಂದ ಕೋಲು ತೆಗೆದುಕೊಂಡರು. ಎಡಗೈಯಿಂದ ತಿರುಪು ಹಿಡಿದರು. ಅದು ಜಗ್ಗಲಿಲ್ಲ. ಅಂಗಿಯ ತುದಿ ಸುತ್ತಿ ಹಿಡಿದು ತಿರುಗಿಸಿದಾಗ ಕಿರ್ರೆಂದು ಬಿಟ್ಟುಕೊಂಡಿತು. ತಿರುಗಿಸಿದರು, ಇನ್ನೂ ತಿರುಗಿಸಿದರು, ಅದು ಸಡಿಲವಾಗುತ್ತಲೇ ಹೋಯಿತು. ಇವರಿಗೆ ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ನನಗೆ ತಿಳಿಯಲಿಲ್ಲ. "ಅಮ್ಮಾ," ಎಂದು ಒಂದು ಸಲ ಅಂದು, ಷಟರಿನ ಕೆಳಗಿಂದ ನುಸುಳಿ ಹೊರಗೆ ನಡೆದರು.

ಸಲೂನಿನ ಪಕ್ಕಕ್ಕೆ ಒಂದು ಓಣಿ. ಭಾನುವಾರವಾದ್ದರಿಂದ ಅಲ್ಲಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಓಣಿಯ ಕೊನೆಯಲ್ಲಿ ಒಂದು ಗೋದಾಮಿನ ಷಟರ್, ನಡುವೆ ನಿಲ್ಲಿಸಿದ ಒಂದು ಕಾರು. ಇವರು ಗುಂಡನ್ನು ಇಳಿಬಿಟ್ಟು ಅಳೆಯಲೂ ಇಲ್ಲ, ತಿರುಪನ್ನು ಹದಕ್ಕೆ ತರಲೂ ಇಲ್ಲ. ಅಷ್ಟು ತಾಳ್ಮೆ ನಮ್ಮ ಯಾರಲ್ಲೂ ಉಳಿದಿರಲಿಲ್ಲ.

"ಅಣ್ಣಾ, ಆ ಕಾರು, ಜೋಪಾನ," ಎಂದ ಕೆಂಜುಟ್ಟು.

ಇವರು ಕೋಲು ಎತ್ತಿ ಬೀಸಿದರು. ಆ ವಾರದ್ದು ಮಾತ್ರವಲ್ಲ, ಕನ್ನಡಿ ಬಿದ್ದ ದಿನದಿಂದ ಕೂಡಿಟ್ಟ ಸಿಟ್ಟೆಲ್ಲ ಆ ತೋಳಿನಲ್ಲಿತ್ತು. ಸದ್ದೇ ಇಲ್ಲದ ಆ ರೀಲು ಕಿರುಚಿತು. ಗುಂಡು ಕಾರಿನ ಮೇಲಿಂದ ಹಾರಿ, ಓಣಿಯುದ್ದಕ್ಕೂ ಹಾರಿ, ಗೋದಾಮಿನ ಷಟರಿಗೆ ಧಡ್ ಎಂದು ಬಡಿಯಿತು. ಅದೇ ಕ್ಷಣಕ್ಕೆ ಇವರು ಹೆಬ್ಬೆರಳನ್ನು ಉರುಳೆಗೆ ಅಮುಕಿದ್ದರು, ತಡವಾಗಿ, ಬಹಳ ಜೋರಾಗಿ. ದಾರ ಬುಸ್ಸೆಂದು ಉಕ್ಕಿ ರೀಲನ್ನೇ ಮುಚ್ಚಿಬಿಟ್ಟಿತು. ಕೋಲು ಇವರ ಕೈಯಿಂದ ಜಾರಿ ಸಿಮೆಂಟಿನ ಮೇಲೆ ಬಿತ್ತು.

"ಹೋಯ್ತಲ್ಲಾ," ಎಂದ ಕೆಂಜುಟ್ಟು, ಪಾಪ, ನಿಜವಾದ ದುಃಖದಿಂದ.

ಹೋಯಿತು ಎಂದು ನಾನೂ ಅಂದುಕೊಂಡೆ. ಅಂಥ ಗೂಡನ್ನು ಆ ವಾರವಿಡೀ ನಾನು ಕಂಡಿರಲಿಲ್ಲ. ತಿರುಪು ಸರಿ ಇದ್ದರೂ ಬೆರಳು ಸರಿ ಇಲ್ಲ ಎಂಬುದನ್ನು ನಾನೇ ಬೀದಿಯಲ್ಲಿ ಓಡಿಬಂದು, ಇನ್ನೊಬ್ಬನ ಎದುರಿಗೆ ಸಾಬೀತು ಮಾಡಿಸಿದ ಹಾಗಾಯಿತು. ಮನೆಯಲ್ಲೇ ಬಾಯಿಮುಚ್ಚಿಕೊಂಡು ಇದ್ದಿದ್ದರೆ, ತಪ್ಪು ಬಹುಶಃ ಅಮ್ಮನದು ಎಂದಾದರೂ ಮುಂದೊಂದು ದಿನ ಹೇಳಿ ಸಮಾಧಾನ ಮಾಡಬಹುದಿತ್ತು. ನನಗೆ ಇವರ ಮುಖ ನೋಡಲು ಧೈರ್ಯವಾಗಲಿಲ್ಲ. ಬಗ್ಗಿ ಕೋಲು ಎತ್ತಿಕೊಂಡೆ. ರೀಲಿನ ಪಕ್ಕದಲ್ಲಿ ಉಗುರಿನುದ್ದಕ್ಕೆ ಗೀರು ಬಿದ್ದಿತ್ತು.

ತಲೆ ಎತ್ತಿದಾಗ ಇವರು ಕೈ ಕೊಡವುತ್ತಿದ್ದರು. ಕೊಡವಿ, ಉಫ್ ಎಂದು ಊದಿ, ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡರು. ಹಾಗೆಯೇ ನಿಂತುಬಿಟ್ಟರು, ಬೆರಳು ಬಾಯಲ್ಲೇ. ಆಮೇಲೆ ಮೆಲ್ಲನೆ ಹೊರತೆಗೆದು ನೋಡಿದರು. ದಾರ ಉಜ್ಜಿದ ಕಡೆ ಒಂದು ಕೆಂಪು ಗೆರೆ ಎದ್ದಿತ್ತು.

"ಉರೀತಿದೆ," ಎಂದರು.

"ಏನು?"

"ಉರೀತಿದೆ ಕಣೇ. ಇಲ್ಲಿ. ಈ ಗೆರೆಯಲ್ಲಿ. ಬೆಂಕಿ ಇಟ್ಟ ಹಾಗೆ ಉರೀತಿದೆ."

ನಾನು ಕೋಲನ್ನು ಕೆಂಜುಟ್ಟಿನ ಕೈಗೆ ಕೊಟ್ಟು, ಇವರ ಬಲಗೈಯನ್ನು ನನ್ನೆರಡೂ ಕೈಯಲ್ಲಿ ಹಿಡಿದುಕೊಂಡೆ.

"ಕಣ್ಣು ಮುಚ್ಚಿ."

"ಯಾಕೆ?"

"ಮುಚ್ಚಿ ಅಂದೆ."

ಮುಚ್ಚಿದರು. ನಾನು ಹೆಬ್ಬೆರಳನ್ನು ಮುಟ್ಟದೆ ಅಂಗೈಯನ್ನಷ್ಟೇ ಹಿಡಿದುಕೊಂಡು ನಿಂತೆ. ಇವರು "ಈಗ?" ಎನ್ನಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದೆ, ಆಗಲೂ ಎನ್ನಲಿಲ್ಲ. ಆಮೇಲೆ ಹೆಬ್ಬೆರಳ ತುದಿಯನ್ನು ನನ್ನ ಉಗುರುಗಳ ನಡುವೆ ಹಿಡಿದು, ಇದ್ದ ಶಕ್ತಿಯೆಲ್ಲ ಹಾಕಿ ಚಿವುಟಿದೆ.

"ಅಯ್ಯೋ! ಬಿಡೇ ರಾಕ್ಷಸೀ, ಈಗ! ಈಗ!"

"ಅಕ್ಕಾ, ಯಾಕೆ ಹಾಗೆ ಹಿಂಸೆ ಕೊಡ್ತೀರಾ ಅಣ್ಣನಿಗೆ?" ಎಂದು ಕೆಂಜುಟ್ಟು ಕೋಲು ಹಿಡಿದುಕೊಂಡೇ ನಡುವೆ ಬಂದ. ಇವರು ಕಣ್ಣು ತೆರೆದಿದ್ದರು, ಎರಡೂ ಕಣ್ಣಲ್ಲಿ ನೀರು. ಅದು ಚಿವುಟಿದ್ದಕ್ಕೋ ಬೇರೆಯದಕ್ಕೋ ಎಂದು ನಾನು ಕೇಳಲಿಲ್ಲ. ನನ್ನದೂ ಅದೇ ಗತಿಯಾಗಿತ್ತು.

ಕೆಂಜುಟ್ಟು ನಮ್ಮಿಬ್ಬರನ್ನೂ ನೋಡಿದ. ಕೋಲನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ, ತನ್ನ ಟೇಪನ್ನೂ ಕೌಂಟರಿನ ಮೇಲಿದ್ದ ಬೀಗದಕೈಯನ್ನೂ ತಂದ. ಟೇಪನ್ನು ಜೇಬಿಗೆ ಹಾಕಿಕೊಂಡು, ಬೀಗದಕೈಯನ್ನು ಇವರ ಎಡಗೈಯಲ್ಲಿಟ್ಟು, "ಕನ್ನಡಿ ಅಳತೆ ಗೋಡೆ ಮೇಲೇ ಬರೆದಿದ್ದೀನಿ ಅಣ್ಣಾ, ನಿಮಗೇ ಬೇಕಾಗುತ್ತೆ," ಎಂದ. ಒಳ್ಳೆಯ ಮನುಷ್ಯ ಎಂದು ಆಗಲೇ ಹೇಳಿದ್ದೇನಲ್ಲ.

ಇವರು ರೀಲನ್ನು ತಿರುಗಿಸಿ ನೋಡಿದರು. "ಗೀರು ಬಿದ್ದಿದೆ. ಇನ್ನು ಗಾಳಪ್ಪ ವಾಪಸ್ ತಗೊಳ್ಳಲ್ಲ."

"ಯಾರು ಕೊಡ್ತಾರೆ ವಾಪಸ್ಸು?" ಎಂದೆ.

"ಬೆಲೆ ಜಾಸ್ತಿ ಅಂದೆ?"

"ಕೈ ಈ ಕಡೆ ಕೊಡಿ."

"ಯಾಕೆ?"

"ಕೊಡಿ ರೀ. ಕಣ್ಣು ಮುಚ್ಚಿ. ಇನ್ನೊಂದೇ ಸಲ."